ಎರಡು ಪದರದ ಸೆಮಿ ಹೈಡ್ರೊ ಆರ್ಕಿಡ್ ಕುಂಡ: 14 ತಿಂಗಳು ಬಳಸಿದ ಮೇಲೆ

ನಾಲ್ಕು ಕುಂಡಗಳ ಒಂದು ಸೆಟ್ ತಂದು 14 ತಿಂಗಳಾಯ್ತು. ಮೊದಲ ತಿಂಗಳಲ್ಲೇ ಬರೆಯಬೇಕು ಅಂತಿದ್ದೆ, ಬರೆಯಲಿಲ್ಲ, ಒಳ್ಳೆಯದೇ ಆಯ್ತು. ಆರ್ಕಿಡ್ ವಿಷಯದಲ್ಲಿ ಒಂದು ತಿಂಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಹಳೆಯ ಬೇರು ಕೊಳೆಯಲು ಎರಡು ತಿಂಗಳು ಬೇಕು, ಹೊಸ ಬೇರು ನೆಲೆ ನಿಲ್ಲಲು ಇನ್ನೂ ನಾಲ್ಕು ತಿಂಗಳು ಬೇಕು.

ಮೊದಲು ತೀರ್ಪು ಹೇಳಿಬಿಡುತ್ತೇನೆ. ಕುಂಡ ಚೆನ್ನಾಗಿದೆ. ಆದರೆ ಇರಬೇಕಾದ ಒಂದು ತೂತು ಇದರಲ್ಲಿ ಇಲ್ಲ. ಆ ತೂತು ಕೊರೆದುಕೊಂಡರೆ ಇದು ತುಂಬಾ ಒಳ್ಳೆಯ ಕುಂಡ, ಕೊರೆಯದಿದ್ದರೆ ಗಿಡ ಮುಳುಗಿಸುವ ಬಕೆಟ್.

ಸೆಟ್‌ನಲ್ಲಿ ಬಂದದ್ದು ಇಷ್ಟು. 12 ಸೆಂಟಿಮೀಟರ್ ಅಗಲದ, ಪಕ್ಕದಲ್ಲೂ ತಳದಲ್ಲೂ ಸೀಳುಗಳಿರುವ ಪಾರದರ್ಶಕ ಒಳಕುಂಡ. ಅದು ಕೂರುವ, ಬೆಳಕು ಒಳಗೆ ಬಿಡದ ಬೂದು ಬಣ್ಣದ ಹೊರಕುಂಡ. ಎರಡರ ತಳದ ಮಧ್ಯೆ 4 ಸೆಂಟಿಮೀಟರ್ ಜಾಗ, ಅಲ್ಲಿ ನೀರು ನಿಲ್ಲಬೇಕು. ಹತ್ತಿಯ ಬತ್ತಿಗಳು, ಕೊಳವೆಯೊಳಗೆ ಬೆಂಡಿನ ಮೇಲೆ ತೇಲುತ್ತಾ ನೀರಿನ ಮಟ್ಟ ತೋರಿಸುವ ಕೆಂಪು ಕಡ್ಡಿ, ಒಂದು ಚೀಲ ಲೆಕಾ ಉಂಡೆಗಳು, ಒಂದು ಪುಟ್ಟ ಗೊಬ್ಬರದ ಪೊಟ್ಟಣ ಮತ್ತು ಒಂದು ಸೂಚನಾ ಕಾರ್ಡ್. ಆ ಕಾರ್ಡ್ ಬಗ್ಗೆ ಆಮೇಲೆ ಹೇಳುತ್ತೇನೆ, ಹೇಳಲೇಬೇಕು.

ಹೊಸಬರಿಗೆ ಎರಡು ಮಾತು. ಸೆಮಿ ಹೈಡ್ರೊ ಅಂದರೆ ಬೇರನ್ನು ನೀರಲ್ಲಿ ಮುಳುಗಿಸುವುದಲ್ಲ. ಕುಂಡದ ತಳದಲ್ಲಿ ಸ್ವಲ್ಪ ನೀರು ನಿಂತಿರುತ್ತದೆ, ಉಳಿದದ್ದೆಲ್ಲ ಜೇಡಿಮಣ್ಣಿನ ಉಂಡೆಗಳು. ಈ ಉಂಡೆಗಳೇ ಲೆಕಾ. ಜೇಡಿಮಣ್ಣನ್ನು ತಿರುಗುವ ಗೂಡಿನಲ್ಲಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಒಳಗೆ ಗಾಳಿ ಗುಳ್ಳೆಗಳು ಹುಟ್ಟಿ ಮಣ್ಣು ಉಬ್ಬುತ್ತದೆ, ಹಗುರವಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಈ ಉಂಡೆಗಳು ಒಂದರಿಂದ ಒಂದಕ್ಕೆ ನೀರನ್ನು ಮೇಲಕ್ಕೆ ದಾಟಿಸುತ್ತವೆ. ಉಂಡೆಗಳ ನಡುವಿನ ಸಂದಿಯಲ್ಲಿ ಗಾಳಿ ಉಳಿಯುತ್ತದೆ. ಆರ್ಕಿಡ್ ಬೇರಿಗೆ ಬೇಕಾದದ್ದು ಈ ಎರಡೂ ಒಟ್ಟಿಗೆ: ತೇವವೂ ಇರಬೇಕು, ಉಸಿರೂ ಆಡಬೇಕು. ತೊಗಟೆ ಚೂರುಗಳಲ್ಲಿ ಬೆಳೆಸಿದಾಗ ಒಂದೆರಡು ವರ್ಷಕ್ಕೆ ತೊಗಟೆ ಕೊಳೆತು ಪುಡಿಯಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಲೆಕಾ ಕೊಳೆಯುವುದಿಲ್ಲ. ನನ್ನನ್ನು ಇದಕ್ಕೆ ಎಳೆದದ್ದು ಇದೊಂದೇ ಕಾರಣ, ಪ್ರತಿ ಸಲ ಕುಂಡ ಬದಲಿಸುವಾಗ ಬೇರು ಮುರಿಯುವುದನ್ನು ನೋಡಿ ಸಾಕಾಗಿತ್ತು.

ಈ ಸೆಟ್‌ನ ಲೆಕಾ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. 8 ರಿಂದ 16 ಮಿಲಿಮೀಟರ್ ಗಾತ್ರ, ಒಡೆದ ಚೂರು ಕಡಿಮೆ. ಆದರೆ ಚೀಲದಿಂದ ನೇರವಾಗಿ ಕುಂಡಕ್ಕೆ ಸುರಿಯಬೇಡಿ. ನಾನು ಬಕೆಟ್‌ಗೆ ಸುರಿದು ನೀರು ಹಾಕಿ ಕೈಯಾಡಿಸಿದ ಕೂಡಲೇ ನೀರು ಕೆಂಪು ಕೆಸರಾಯ್ತು. ನಾಲ್ಕನೇ ಸಲಕ್ಕೆ ತಿಳಿಯಾಯ್ತು. ಆ ಕೆಸರನ್ನು ಸಿಂಕ್‌ಗೆ ಸುರಿಯಬಾರದು, ಪೈಪಿನಲ್ಲಿ ಮಣ್ಣು ಕೂತುಬಿಡುತ್ತದೆ, ಹೊರಗೆ ಬೇರೆ ಗಿಡದ ಬುಡಕ್ಕೆ ಹಾಕಿ. ತೊಳೆದ ಮೇಲೆ ಒಂದು ದಿನ ಪೂರ್ತಿ ನೀರಲ್ಲಿ ನೆನೆಯಲು ಬಿಡಿ. ಒಣ ಉಂಡೆ ಬೇರಿನ ಪಕ್ಕ ಕೂತರೆ ಬೇರಿನ ತೇವವನ್ನೇ ಮೊದಲು ಹೀರಿಕೊಳ್ಳುತ್ತದೆ.

ಈಗ ಆ ತೂತಿನ ವಿಷಯಕ್ಕೆ ಬರುತ್ತೇನೆ.

ಸೆಮಿ ಹೈಡ್ರೊದ ಹಳೆಯ, ಸರಳ ವಿಧಾನದಲ್ಲಿ ಒಂದೇ ಕುಂಡ ಇರುತ್ತದೆ. ತಳದಲ್ಲಿ ತೂತಿಲ್ಲ, ಬದಲಿಗೆ ತಳದಿಂದ ಸುಮಾರು 2.5 ಸೆಂಟಿಮೀಟರ್ ಮೇಲೆ ಪಕ್ಕದಲ್ಲಿ ಅಕ್ಕಪಕ್ಕ ಎರಡು ಸಣ್ಣ ತೂತು. ಮೇಲಿಂದ ಎಷ್ಟೇ ನೀರು ಸುರಿದರೂ ಆ ತೂತಿಗಿಂತ ಮೇಲೆ ನಿಲ್ಲುವುದಿಲ್ಲ, ತಾನಾಗೇ ಹರಿದು ಹೋಗುತ್ತದೆ. ಒಂದು ತೂತಿಗೆ ಬೇರು ಅಡ್ಡ ಬಂದರೆ ಇನ್ನೊಂದು ಇರುತ್ತದೆ. ಈ ವಿಧಾನದ ಜೀವ ಇರುವುದೇ ಅಲ್ಲಿ. ಯಾಕೆಂದರೆ ಪ್ರತಿ ಸಲ ನೀರು ಹಾಕುವಾಗ ಕುಂಡದ ತುಂಬಾ ಸುರಿಯಬೇಕು: ಹಳೆಯ ನೀರು, ಕೂತ ಉಪ್ಪು, ಹಳಸಿದ ಗಾಳಿ ಎಲ್ಲ ಹೊರಗೆ ಹೋಗಿ, ನೀರು ಇಳಿಯುವಾಗ ಅದರ ಹಿಂದೆ ಹೊಸ ಗಾಳಿ ಒಳಗೆ ಬರಬೇಕು.

ನಾನು ತಂದ ಕುಂಡದಲ್ಲಿ ಹೊರಪಾತ್ರೆಗೆ ತೂತೇ ಇಲ್ಲ. ಮಟ್ಟ ನೋಡಿಕೊಂಡು ಅಷ್ಟೇ ನೀರು ಹಾಕಿ ಅಂತ ಆ ಕೆಂಪು ಕಡ್ಡಿ ಕೊಟ್ಟಿದ್ದಾರೆ. ನೋಡಲು ಅಚ್ಚುಕಟ್ಟು, ಮೇಜಿನ ಮೇಲೆ ಒಂದು ಹನಿ ಬೀಳುವುದಿಲ್ಲ. ಎರಡು ತಿಂಗಳು ಸರಿಯಾಗೇ ಇತ್ತು. ಮೂರನೇ ತಿಂಗಳು ಒಂದು ಕುಂಡದ ಕಡ್ಡಿ ಕೆಳಗೇ ನಿಂತಿತ್ತು, ನೀರು ಕಡಿಮೆಯಾಗಿದೆ ಅಂದುಕೊಂಡು ಹಾಕಿದೆ, ಎರಡು ದಿನ ಬಿಟ್ಟು ಮತ್ತೆ ಹಾಕಿದೆ. ಅದರಲ್ಲಿದ್ದ ಫೆಲನಾಪ್ಸಿಸ್ ಜಾತಿಯ ಆರ್ಕಿಡ್‌ನ ಕೆಳಗಿನ ಎಲೆ ಮೆತ್ತಗಾದ ಮೇಲೆ ಒಳಕುಂಡ ಎತ್ತಿ ನೋಡಿದರೆ ನೀರು ಅರ್ಧ ಕುಂಡದವರೆಗೆ ನಿಂತಿದೆ. ಕಡ್ಡಿಯ ಕೊಳವೆ ಬಿಚ್ಚಿದಾಗ ಕಾರಣ ಸಿಕ್ಕಿತು. ಹಸಿರು ತುದಿಯ ಒಂದು ಎಳೆ ಬೇರು ಕೊಳವೆಯ ಕೆಳಗಿನ ಸೀಳಿನಿಂದ ಒಳಗೆ ನುಗ್ಗಿ, ತೇಲುವ ಬೆಂಡಿನ ಸುತ್ತ ಒಂದು ಸುತ್ತು ಹಾಕಿಕೊಂಡು ಕೂತಿತ್ತು. ಬೆಂಡು ಮೇಲೇಳಲು ಜಾಗವೇ ಇರಲಿಲ್ಲ. ಆ ಬೇರನ್ನು ಮುರಿಯದೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಇನ್ನೊಂದು ಕುಂಡದಲ್ಲಿ ಗೊಬ್ಬರದ ಉಪ್ಪು ಕಟ್ಟಿಕೊಂಡು ಬೆಂಡು ಅಂಟಿತ್ತು.

ಅವತ್ತೇ ನಾಲ್ಕಕ್ಕೂ ತೂತು ಕೊರೆದೆ. ಹೊರಕುಂಡದ ಪ್ಲಾಸ್ಟಿಕ್ ಗಟ್ಟಿ, ಒತ್ತಿ ಕೊರೆದರೆ ಬಿರುಕು ಬಿಡುತ್ತದೆ. ಕೊರೆಯುವ ಜಾಗಕ್ಕೆ ಟೇಪ್ ಅಂಟಿಸಿ, ಮೊದಲು ಸಣ್ಣ ಬಿಟ್, ಆಮೇಲೆ 6 ಮಿಲಿಮೀಟರ್ ಬಿಟ್, ಡ್ರಿಲ್ ನಿಧಾನಕ್ಕೆ. ಎರಡು ಕುಂಡಗಳಿಗೆ ತಳದಿಂದ 3.5 ಸೆಂಟಿಮೀಟರ್ ಎತ್ತರದಲ್ಲಿ ಕೊರೆದೆ, ಅಂದರೆ ನೀರು ಒಳಕುಂಡದ ತಳ ಮುಟ್ಟುವುದಿಲ್ಲ, ಬತ್ತಿಯೇ ನೀರು ಎತ್ತಿಕೊಡಬೇಕು. ಇನ್ನೆರಡಕ್ಕೆ 5 ಸೆಂಟಿಮೀಟರ್ ಎತ್ತರದಲ್ಲಿ, ಒಳಕುಂಡದ ತಳ ಒಂದು ಸೆಂಟಿಮೀಟರ್ ನೀರಲ್ಲಿ ಕೂರುವ ಹಾಗೆ. ಇವಕ್ಕೆ ಬತ್ತಿ ತೆಗೆದುಬಿಟ್ಟೆ.

ಹತ್ತು ತಿಂಗಳ ಮೇಲೆ ನೋಡಿದರೆ, ಬತ್ತಿ ಇಲ್ಲದ ಕುಂಡಗಳಲ್ಲಿ ತೇವ ಒಂದೇ ಸಮ ಇದೆ. ಲೆಕಾ ತಾನೇ ನೀರು ಎಳೆಯುತ್ತದೆ, ಅದಕ್ಕೆ ಬತ್ತಿಯ ಸಹಾಯ ಬೇಕಿಲ್ಲ. ಬತ್ತಿ ಇರುವವು ಬಿಸಿಲು ಜಾಸ್ತಿ ಇರುವ ದಿನಗಳಲ್ಲಿ ಮೇಲಿನ ಮೂರ್ನಾಲ್ಕು ಸೆಂಟಿಮೀಟರ್ ಪೂರ್ತಿ ಒಣಗುತ್ತವೆ. ಇದು ಎಲ್ಲ ಗಿಡಕ್ಕೂ ಕೆಟ್ಟದ್ದಲ್ಲ, ನನ್ನ ಕ್ಯಾಟ್ಲಿಯಾ ಆರ್ಕಿಡ್ ಬತ್ತಿಯ ಕುಂಡದಲ್ಲೇ ಖುಷಿಯಾಗಿದೆ, ಅದಕ್ಕೆ ಒಂದು ಸಲ ನೀರು ಹಾಕಿ ಇನ್ನೊಂದು ಸಲ ಹಾಕುವ ಮಧ್ಯೆ ಸ್ವಲ್ಪ ಒಣಗಬೇಕು. ಆದರೆ ಸೆಟ್‌ನಲ್ಲಿ ಬಂದ ಹತ್ತಿಯ ಬತ್ತಿ ಬೇಡವೇ ಬೇಡ. ಐದು ತಿಂಗಳಿಗೆ ಕಪ್ಪಾಗಿ, ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ವಾಸನೆ ಬಂತು. ಈಗ ನೈಲಾನ್ ಹಗ್ಗ ಹಾಕಿದ್ದೇನೆ, ಅದು ಕೊಳೆಯುವುದಿಲ್ಲ. ಕೆಂಪು ಕಡ್ಡಿ ತೆಗೆದು ಬರೀ ಕೊಳವೆ ಉಳಿಸಿಕೊಂಡಿದ್ದೇನೆ, ತಳದಲ್ಲಿ ಎಷ್ಟು ನೀರಿದೆ ಅಂತ ಅದರೊಳಗೆ ಒಂದು ಕಡ್ಡಿ ಇಳಿಸಿ ನೋಡುತ್ತೇನೆ.

ಇನ್ನು ಈ ಕುಂಡದಲ್ಲಿ ನನಗೆ ತುಂಬಾ ಇಷ್ಟವಾದದ್ದು. ಒಳಕುಂಡ ಪಾರದರ್ಶಕ, ಹೊರಕುಂಡ ಬೆಳಕು ಬಿಡದ್ದು. ಒಂದೇ ಪಾರದರ್ಶಕ ಕುಂಡ ಬಳಸಿದವರಿಗೆ ಗೊತ್ತು, ನೀರಿರುವ ಕಡೆ ಬೆಳಕು ಬಿದ್ದರೆ ವಾರಗಳಲ್ಲಿ ಹಸಿರು ಪಾಚಿ. ಇಲ್ಲಿ ಪಾಚಿಯೇ ಇಲ್ಲ. ಬೇರು ನೋಡಬೇಕಾದರೆ ಒಳಕುಂಡ ಎತ್ತಿದರೆ ಸಾಕು, ಎಲ್ಲ ಕಣ್ಣ ಮುಂದೆ. ಒಣಗಿದ ಬೇರು ಬೆಳ್ಳಿಯ ಬಣ್ಣ, ನೀರು ಕುಡಿದ ಬೇರು ಹಸಿರು, ಕೊಳೆತದ್ದು ಕಂದು. ಪ್ರತಿ ಭಾನುವಾರ ನಾನು ಹೀಗೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಎಲೆ ತಡವಾಗಿ ಹೇಳುವುದನ್ನು ಬೇರು ಮೊದಲೇ ಹೇಳುತ್ತದೆ, ಅಲ್ವಾ? ಇದೊಂದು ಅನುಕೂಲಕ್ಕೇ ಈ ಕುಂಡವನ್ನು ಮತ್ತೆ ತಗೊಳ್ಳುತ್ತೇನೆ.

ಕಾರ್ಡ್ ವಿಷಯ. ಅದರಲ್ಲಿ ಗಿಡವನ್ನು ವರ್ಷದ ಯಾವ ದಿನ ಬೇಕಾದರೂ ಈ ಕುಂಡಕ್ಕೆ ಬದಲಿಸಬಹುದು ಅಂತ ಬರೆದಿದೆ. ಇದು ತಪ್ಪು, ಮತ್ತು ಈ ತಪ್ಪಿನಿಂದಲೇ ನನ್ನ ಒಂದು ಗಿಡ ಹೋಯ್ತು.

ಆರ್ಕಿಡ್ ಬೇರಿನ ಹೊರಗೆ ವೆಲಮೆನ್ ಅನ್ನುವ ಸ್ಪಂಜಿನಂಥ ಪದರ ಇರುತ್ತದೆ. ತೊಗಟೆಯಲ್ಲಿ, ಒಣಗಿ ನೆಂದು ಒಣಗಿ ಬೆಳೆದ ಬೇರು ಆ ವಾತಾವರಣಕ್ಕೆ ತಕ್ಕ ಹಾಗೆ ಬೆಳೆದಿರುತ್ತದೆ. ಅದನ್ನು ತಂದು ಸದಾ ತೇವ ಇರುವ ಲೆಕಾದಲ್ಲಿ ಕೂರಿಸಿದರೆ ಹೊಂದಿಕೊಳ್ಳುವುದು ಕಷ್ಟ, ಬಹಳಷ್ಟು ಸಲ ನಿಧಾನಕ್ಕೆ ಕೊಳೆಯುತ್ತದೆ. ಲೆಕಾದಲ್ಲೇ ಹುಟ್ಟಿ ಬೆಳೆದ ಬೇರಿಗೆ ಆ ತೊಂದರೆ ಇಲ್ಲ. ಹಾಗಾಗಿ ಬದಲಿಸುವ ಸಮಯ ಒಂದೇ: ಹೊಸ ಬೇರು ಮೊಳಕೆ ಒಡೆಯುತ್ತಿರುವಾಗ. ಹಳೆಯ ಬೇರು ಹೋಗುವಷ್ಟರಲ್ಲಿ ಹೊಸದು ಕೆಲಸಕ್ಕೆ ನಿಂತಿರಬೇಕು. ಈ ಲೆಕ್ಕ ತಪ್ಪಿದರೆ ನಡುವೆ ಗಿಡಕ್ಕೆ ನೀರು ಕುಡಿಯುವ ಬಾಯೇ ಇರುವುದಿಲ್ಲ.

ನಾನು ಕಾರ್ಡ್ ನಂಬಿ ಹೂ ಮುಗಿದ ಫೆಲನಾಪ್ಸಿಸ್ ಒಂದನ್ನು ಹೊಸ ಬೇರಿನ ಸುಳಿವೇ ಇಲ್ಲದಾಗ ಬದಲಿಸಿದೆ. ಬೇರುಗಳೆಲ್ಲ ಗಟ್ಟಿಯಾಗಿ ಆರೋಗ್ಯವಾಗಿದ್ದವು. ಆರು ವಾರಕ್ಕೆ ಒಂದೊಂದೇ ಕಂದಾಗಿ, ಬೆರಳಲ್ಲಿ ಹಿಡಿದರೆ ಹೊರಪದರ ಕಳಚಿ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಎಲೆಗಳು ಸುಕ್ಕಾದವು. ತೇವದ ಮಾಸ್‌ನಲ್ಲಿ (ಗಿಡಗಳಿಗೆ ಬಳಸುವ ಸ್ಪಂಜಿನಂಥ ಪಾಚಿಗಿಡ) ಸುತ್ತಿ ಮುಚ್ಚಿದ ಡಬ್ಬಿಯಲ್ಲಿಟ್ಟು ಮೂರು ತಿಂಗಳು ಕಾದೆ, ಉಳಿಯಲಿಲ್ಲ. ಆರು ವರ್ಷದ ಗಿಡ ಅದು.

ಎರಡನೇ ಫೆಲನಾಪ್ಸಿಸ್‌ಗೆ ಕಾದೆ. ಬುಡದಲ್ಲಿ ಹಸಿರು ಮೊಳಕೆಗಳು ಕಾಣಿಸಿಕೊಂಡು ಒಂದು ಸೆಂಟಿಮೀಟರ್ ಆದಾಗ ಬದಲಿಸಿದೆ. ತೊಗಟೆ ಚೂರುಗಳನ್ನು ಒಂದೂ ಬಿಡದೆ ತೆಗೆದೆ, ಬಿಟ್ಟರೆ ಅದು ತೇವದಲ್ಲಿ ಕೊಳೆತು ಪಕ್ಕದ ಬೇರನ್ನೂ ಕೆಡಿಸುತ್ತದೆ. ಟೊಳ್ಳಾದ ಬೇರುಗಳನ್ನು ಶುದ್ಧ ಮಾಡಿದ ಕತ್ತರಿಯಿಂದ ಕತ್ತರಿಸಿದೆ. ಒಳಕುಂಡದಲ್ಲಿ ಎರಡು ಹಿಡಿ ಲೆಕಾ ಹಾಕಿ, ಗಿಡವನ್ನು ಒಂದು ಕೈಯಲ್ಲಿ ಹಿಡಿದು, ಬೇರುಗಳ ನಡುವೆ ಉಂಡೆಗಳನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಕುಂಡವನ್ನು ಮೆಲ್ಲಗೆ ತಟ್ಟಿದರೆ ಅವೇ ಸಂದಿಗೆ ಇಳಿದು ಕೂರುತ್ತವೆ. ಬೆರಳಿಂದ ಒತ್ತಬಾರದು. ಎಲೆಗಳು ಕೂಡುವ ಸುಳಿ ಲೆಕಾಕ್ಕಿಂತ ಮೇಲಿರಬೇಕು, ಹೊಸ ಮೊಳಕೆಗಳು ಮಾತ್ರ ಉಂಡೆಗಳನ್ನು ಮುಟ್ಟುತ್ತಿರಬೇಕು. ಲೆಕಾ ಹಗುರ, ಗಿಡ ಅಲ್ಲಾಡುತ್ತದೆ, ಅಲ್ಲಾಡಿದರೆ ಎಳೆ ಬೇರಿನ ತುದಿ ಉಜ್ಜಿ ಬೆಳವಣಿಗೆ ನಿಂತುಹೋಗುತ್ತದೆ. ಹಾಗಾಗಿ ಒಂದು ಕಡ್ಡಿ ನೆಟ್ಟು ಕಟ್ಟಿದೆ. ಒಳಕುಂಡದ ಸೀಳುಗಳು ಇಲ್ಲಿ ಅನುಕೂಲವಾದವು, ತಂತಿಯನ್ನು ಸೀಳಿನಿಂದ ಹಾಯಿಸಿ ಗಿಡವನ್ನು ಬಿಗಿ ಮಾಡಬಹುದು.

ಎರಡು ವಾರದ ಮೇಲೆ ಒಳಕುಂಡದ ಗೋಡೆಗೆ ಒತ್ತಿಕೊಂಡು ಒಂದು ಹೊಸ ಬೇರು ಇಳಿಯುವುದು ಕಾಣಿಸಿತು. ಉಂಡೆಯಿಂದ ಉಂಡೆಗೆ ಬಳಸಿಕೊಂಡು, ಪ್ರತಿ ಉಂಡೆಗೂ ಸಣ್ಣ ಸಣ್ಣ ರೋಮಗಳಿಂದ ಅಂಟಿಕೊಂಡು ಹೋಗುತ್ತಿತ್ತು. ಹಳೆಯ ಬೇರುಗಳಲ್ಲಿ ಅರ್ಧ ಹೋದವು. ಹೋಗಲಿ, ಹೊಸವು ಎಂಟು ಬಂದಿವೆ.

ಗೊಬ್ಬರದ ಪೊಟ್ಟಣ ನಾನು ಬಳಸಲಿಲ್ಲ. ಅದರಲ್ಲಿ ಸಾರಜನಕ ಬಹುತೇಕ ಯೂರಿಯಾ ರೂಪದಲ್ಲಿದೆ. ಯೂರಿಯಾವನ್ನು ಒಡೆದು ಬೇರಿಗೆ ಸುಲಭವಾಗಿ ಸಿಗುವ ರೂಪಕ್ಕೆ ತರುವುದು ಸೂಕ್ಷ್ಮಜೀವಿಗಳ ಕೆಲಸ, ತೊಳೆದ ಲೆಕಾದಲ್ಲಿ ಅವು ಮಣ್ಣಿನಲ್ಲಿರುವಷ್ಟು ಇರುವುದಿಲ್ಲ. ನೈಟ್ರೇಟ್ ಇರುವ ಗೊಬ್ಬರ ನೋಡಿ ತಗೊಳ್ಳಿ, ಲೇಬಲ್ ಮೇಲೆ ಹೇಳಿದ್ದರ ಕಾಲು ಭಾಗ ಹಾಕಿ. ಲೆಕಾ ತನ್ನದಾಗಿ ಯಾವ ಪೋಷಕಾಂಶವನ್ನೂ ಕೊಡುವುದಿಲ್ಲ, ಹಾಗಾಗಿ ಮಳೆ ನೀರು ಅಥವಾ ಆರ್‌ಒ ನೀರು ಹಾಕುವವರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂಡ ಸೇರಿಸಬೇಕು. ನಾನು ಗೊಬ್ಬರದ ನೀರನ್ನು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 300 ರಿಂದ 400 ಒಳಗೆ ಇಟ್ಟುಕೊಳ್ಳುತ್ತೇನೆ, ಪಿಎಚ್ 6ರ ಆಸುಪಾಸು. ನಿಮ್ಮ ನಲ್ಲಿ ನೀರೇ 400 ತೋರಿಸಿದರೆ ಅದಕ್ಕೆ ಗೊಬ್ಬರ ಸೇರಿಸುವ ಜಾಗವೇ ಇಲ್ಲ ಅಂತ ಅರ್ಥ.

ಮೇಲಿನ ಉಂಡೆಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪು. ನೀರು ಮೇಲೇರಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ನೀರನ್ನು ಮೂರ್ನಾಲ್ಕು ಸಲ ಕಂಠಪೂರ್ತಿ ತುಂಬಿಸಿ ಇಳಿಸುತ್ತೇನೆ. ತೂತು ಕೊರೆದ ಮೇಲೆ ಇದು ಒಂದು ನಿಮಿಷದ ಕೆಲಸ. ಕೊರೆಯುವ ಮುಂಚೆ ಪ್ರತಿ ಕುಂಡವನ್ನು ಬಿಚ್ಚಿ, ಹೊರಪಾತ್ರೆ ಖಾಲಿ ಮಾಡಿ, ಮತ್ತೆ ಕೂರಿಸಿ, ಮತ್ತೆ ಖಾಲಿ ಮಾಡಿ... ಆ ಕಷ್ಟಕ್ಕೇ ಜನ ಫ್ಲಶ್ ಮಾಡುವುದನ್ನೇ ಬಿಡುತ್ತಾರೆ, ಆಮೇಲೆ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ. ತಯಾರಕರಿಗೆ ಇದನ್ನು ಬರೆದು ಕಳಿಸಿದೆ, ಮುಂದಿನ ಮಾದರಿಯಲ್ಲಿ ನೋಡುತ್ತೇವೆ ಅಂದರು.

ಚಳಿಯ ದಿನಗಳಲ್ಲಿ ಎಚ್ಚರ ಬೇಕು. ಲೆಕಾದ ಮೈಯಿಂದ ನೀರು ಸದಾ ಆವಿಯಾಗುತ್ತಿರುವುದರಿಂದ ಬೇರಿನ ಸುತ್ತ ಕೋಣೆಗಿಂತ ತಣ್ಣಗಿರುತ್ತದೆ. ಕಿಟಕಿ ಗಾಜಿನ ಪಕ್ಕ, ಕಲ್ಲಿನ ನೆಲದ ಮೇಲೆ ಇಟ್ಟರೆ ಇನ್ನೂ ಜಾಸ್ತಿ. ನಾನು ಕೆಳಗೆ ಮರದ ಹಲಗೆ ಇಟ್ಟಿದ್ದೇನೆ, 18 ಡಿಗ್ರಿಗಿಂತ ಕೆಳಗೆ ಹೋದರೆ ಫೆಲನಾಪ್ಸಿಸ್‌ಗಳನ್ನು ಒಳಗೆ ತರುತ್ತೇನೆ. ಚಳಿ ಜಾಸ್ತಿ ಇರುವ ಕಡೆ ಕುಂಡದ ಕೆಳಗೆ ಬಿಸಿ ಮ್ಯಾಟ್ ಬೇಕಾಗುತ್ತದೆ.

ಯಾವ ಗಿಡಕ್ಕೆ ಈ ಕುಂಡ? ಫ್ರಾಗ್ಮಿಪೀಡಿಯಂ ಇದ್ದರೆ ಯೋಚಿಸಲೇ ಬೇಡಿ, ಅದಕ್ಕೆ ಕಾಲ ಬುಡದಲ್ಲಿ ನೀರಿರಬೇಕು, ನನ್ನ ಹತ್ತಿರ ಇರುವುದು ತೊಗಟೆಯಲ್ಲಿ ಎರಡು ವರ್ಷದಲ್ಲಿ ಬಿಟ್ಟಷ್ಟು ಎಲೆಯನ್ನು ಇಲ್ಲಿ ಒಂದೇ ವರ್ಷದಲ್ಲಿ ಬಿಟ್ಟಿದೆ. ಫೆಲನಾಪ್ಸಿಸ್ ಚೆನ್ನಾಗಿ ಬರುತ್ತದೆ. ಕ್ಯಾಟ್ಲಿಯಾ ಬತ್ತಿಯ ಜೊತೆ, ಮತ್ತು ಹೊಸ ಬೇರಿನ ಸಮಯ ನೋಡಿಕೊಂಡರೆ ಮಾತ್ರ. ವಾಂಡಾಕ್ಕೆ ಬುಟ್ಟಿಯೇ ಸರಿ, ಅದರ ಬೇರಿಗೆ ಗಾಳಿಯಲ್ಲಿ ತೂಗಾಡಬೇಕು. ಚಳಿಗಾಲದಲ್ಲಿ ಒಣ ವಿಶ್ರಾಂತಿ ಬೇಕಾಗುವ ಡೆಂಡ್ರೋಬಿಯಂಗಳನ್ನು ಸುಮ್ನೆ ಇದರಲ್ಲಿ ಹಾಕಿ ಕಷ್ಟಪಡಬೇಡಿ.

ಇದೇ ತಯಾರಕರ 18 ಸೆಂಟಿಮೀಟರ್ ಕುಂಡವನ್ನೂ ಒಂದು ತಂದೆ, ಅದು ಬೇಡ. ತುಂಬಾ ಎತ್ತರ. ಲೆಕಾ ನೀರನ್ನು ಅಷ್ಟು ಮೇಲಕ್ಕೆ ಎಳೆಯುವುದಿಲ್ಲ, ಹೊಸ ಬೇರು ಹುಟ್ಟುವ ಮೇಲಿನ ಪದರವೇ ಒಣಗಿ ಕೂತಿರುತ್ತದೆ. ದೊಡ್ಡ ಗಿಡಕ್ಕೆ ಅಗಲವಾದ, ಗಿಡ್ಡ ಕುಂಡ ನೋಡಿ. ಒಂದೇ ಗಿಡದಲ್ಲಿ ಪ್ರಯೋಗ ಮಾಡುವವರಿಗೆ ಈ ಸೆಟ್ಟೂ ಬೇಕಿಲ್ಲ, ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗೆ ಪಕ್ಕದಲ್ಲಿ ಎರಡು ತೂತು ಮಾಡಿ, ಹೊರಗೆ ಕಪ್ಪು ಕಾಗದ ಸುತ್ತಿದರೆ ಗಿಡಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕೈದು ಗಿಡ ಇದ್ದು, ಬೇರು ಎತ್ತಿ ನೋಡುವ ಅಭ್ಯಾಸ ಇದ್ದವರು 12 ಸೆಂಟಿಮೀಟರ್ ಸೆಟ್ ತಗೊಳ್ಳಿ, ಡ್ರಿಲ್ ಜೊತೆಗಿರಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತೂತು ಹಾಕಿ, ಕಾರ್ಡ್ ತಿದ್ದಿ ಕೊಟ್ಟರೆ ನಾಲ್ಕೂವರೆ.

ಸತ್ತ ಗಿಡದ ಲೆಕಾ ಏನು ಮಾಡಿದೆ ಅಂತ ಒಬ್ಬರು ಕೇಳಿದರು. ಎಸೆಯಲಿಲ್ಲ. ಬೇರಿನ ಚೂರು ಆರಿಸಿ ತೆಗೆದು, ಹಳೆಯ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು ಒಣಗಿಸಿ ಇಟ್ಟಿದ್ದೆ. ಈಗ ಅದರಲ್ಲೇ ಒಂದು ಪುಟ್ಟ ಪಾಫಿಯೋಪೆಡಿಲಂ ಆರ್ಕಿಡ್ ಕೂತಿದೆ, ನಾಲ್ಕನೇ ಎಲೆ ಬಿಡುತ್ತಿದೆ.